ಹೆಬ್ಬೆರಳಿನ ಕೊಸರು

ಶಾಲೆಯ ಹೆಸರು ಬೇಡ. ಹೇಳಿದರೆ ಹಳೆಯ ವಿದ್ಯಾರ್ಥಿಗಳು ತಕರಾರು ತೆಗೆಯುತ್ತಾರೆ, ಹೇಳದಿದ್ದರೂ ಕೇಶ್ವಾಪುರದವರು ಗುರುತು ಹಿಡಿಯುತ್ತಾರೆ. ಅದರ ಮೈದಾನ ಅಪ್ಪಟ ಎರೆಮಣ್ಣಿನದು. ಮಳೆಗಾಲದಲ್ಲಿ ಅಲ್ಲಿ ಒಂದು ಸುತ್ತು ಓಡಿದ ಮಗು ಪಾದಕ್ಕೊಂದು ಕಿಲೋ ಮಣ್ಣು ಹೊತ್ತುಕೊಂಡು ಮನೆಗೆ ಹೋಗಬೇಕು. ಬೇಸಿಗೆಯಲ್ಲಿ ನೆಲ ಬಿರಿದು, ಆ ಬಿರುಕಿನಲ್ಲಿ ಕಾಲು ಸಿಕ್ಕಿ ವರ್ಷಕ್ಕೊಬ್ಬರಾದರೂ ಪಾದ ಉಳುಕಿಸಿಕೊಳ್ಳಬೇಕು. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಎರಡು ಮೂರು ತಿಂಗಳು ಮಾತ್ರ ಅದು ಸಂಭಾವಿತ ನೆಲ. ಹೀಗಾಗಿ ಮಳೆ ಬಿಸಿಲು ಎನ್ನದೆ ವರ್ಷವಿಡೀ ಓಡಲು ಬರುವಂಥ ರಬ್ಬರಿನ ಟ್ರ್ಯಾಕು ಮಾಡಿಸಬೇಕೆಂಬ ಮಾತು ಆ ಶಾಲೆಯಲ್ಲಿ ಬಹಳ ವರ್ಷಗಳಿಂದ ಇತ್ತು. ಮಾತು ತಾನೇ, ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ.

ಕೊನೆಗೊಂದು ದಿನ ಆಡಳಿತ ಮಂಡಳಿಯ ಅಧ್ಯಕ್ಷ ನೀಲಕಂಠಪ್ಪನವರು ಹೂಂ ಅಂದರು. ಹತ್ತಿ ವ್ಯಾಪಾರದ ಮನೆತನ ಅವರದು. ಎರೆಮಣ್ಣಿನಲ್ಲಿ ಬೆಳೆದ ಹತ್ತಿಯಿಂದಲೇ ಮೂರು ತಲೆಮಾರು ಉಂಡು ಉಟ್ಟವರು, ಈಗ ಅದೇ ಮಣ್ಣನ್ನು ಮೂರಡಿ ಅಗೆಸಿ ಹೊರಗೆ ಹಾಕಿ, ಜಲ್ಲಿ ಬೆರೆತ ಗರಸು ತುಂಬಿಸಿ, ಅದರ ಮೇಲೆ ರಬ್ಬರು ಹಾಸಲು ಒಪ್ಪಿದರು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದರ ಮೇಲೆ ನೇರವಾಗಿ ಏನು ಹಾಸಿದರೂ ವರ್ಷದೊಳಗೆ ಸೀಳುತ್ತದೆ ಎಂದು ಅವರಿಗೆ ತಿಳಿಸಿ ಹೇಳಿದವಳು ಸೌಮ್ಯಾ ಎಂಬ ಎಂಜಿನಿಯರ್. ಮೂವತ್ತು ದಾಟದ ಹುಡುಗಿ, ಆದರೆ ಮಾತು ತೂಕದ್ದು. ನೆಲದ ಅಳತೆ ತೆಗೆದು ನಕ್ಷೆ ಮಾಡಲು ಅವಳು ನವೆಂಬರಿನ ಒಂದು ಬೆಳಿಗ್ಗೆ ಬರುವುದೆಂದು ಗೊತ್ತಾಯಿತು. ಆ ಬೆಳಿಗ್ಗೆಗೆ ಅಮೀನಸಾಬರಿಗೂ ಕರೆ ಹೋಯಿತು.

ಅಮೀನಸಾಬರು ಆ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಂಟೆ ಬಾರಿಸುವ ಸಿಪಾಯಿಯಾಗಿದ್ದವರು. ನಿವೃತ್ತರಾಗಿ ಹನ್ನೊಂದು ವರ್ಷವಾಗಿದ್ದರೂ, ವಾರ್ಷಿಕ ಕ್ರೀಡೆ ಹತ್ತಿರ ಬಂದಾಗ ಮೈದಾನಕ್ಕೆ ಸುಣ್ಣದ ಗೆರೆ ಹಾಕಲು ಅವರೇ ಬರಬೇಕು. ನೀರು ಎಲ್ಲಿ ನಿಲ್ಲುತ್ತದೆ, ಹಳೆಯ ನಳದ ಪೈಪು ಎಲ್ಲಿ ಹಾದಿದೆ, ಓಟದ ಹಾದಿಯ ಗುರುತಿಗೆಂದು ಹೂತ ಇಟ್ಟಿಗೆಗಳು ಎಲ್ಲೆಲ್ಲಿವೆ ಎಂಬುದು ಶಾಲೆಯ ಯಾವ ಕಾಗದದಲ್ಲೂ ಇಲ್ಲ, ಅವರ ತಲೆಯಲ್ಲಿದೆ. ಹಾಗಂತ ದೈಹಿಕ ಶಿಕ್ಷಕ ದುರ್ಗೇಶನೇ ಅವರ ಮನೆಗೆ ಬಂದು ಹೇಳಿದ. ಅವನೂ ಅದೇ ಶಾಲೆಯಲ್ಲಿ ಓದಿ, ಅದೇ ಮೈದಾನದಲ್ಲಿ ಓಡಿ, ಅಲ್ಲಿಯೇ ಮಾಸ್ತರನಾದವನು. ಅಮೀನಸಾಬರು ಆ ದಿನ ಗಡ್ಡ ಹದ ಮಾಡಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಿವಿಯ ಹಿಂದೆ ಅತ್ತರು ಹಚ್ಚಿ ಹೊರಟರು. ಮದುವೆ ಯಾರದ್ದು ಎಂದು ಹೆಂಡತಿ ರೆಹಮತ್‌ಬಿ ಕೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ.

ಅವರ ಸಂಭ್ರಮಕ್ಕೆ ಕಾರಣವಿತ್ತು. ಆ ಓಟದ ಹಾದಿಯನ್ನು ಮೊದಲ ಸಲ ಅಳೆದು ಹಾಕಿದವರು ಅವರೇ. ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಆಗ ಇದ್ದ ಶ್ರೀರಂಗ ಮಾಸ್ತರರು ಇನ್ನೂರು ಮೀಟರಿನ ಟ್ರ್ಯಾಕಿನ ಚಿತ್ರವನ್ನು ಹಾಳೆಯ ಮೇಲೆ ಬರೆದು, ನೇರ ಭಾಗ ಇಷ್ಟು, ತಿರುವಿಗೆ ಹಿಡಿಯುವ ಹಗ್ಗ ಇಷ್ಟು ಎಂದು ಲೆಕ್ಕ ಕೊಟ್ಟಿದ್ದರು. ಶಾಲೆಯ ಅಳತೆ ಟೇಪು ನೋಡಿದರೆ ಹನ್ನೆರಡು ಮೀಟರಿಗೇ ಹರಿದಿತ್ತು. ಅಮೀನಸಾಬರು ಮನೆಗೆ ಹೋಗಿ ತಮ್ಮ ತಂದೆಯ ಬಟ್ಟೆ ಅಳೆಯುವ ಕಬ್ಬಿಣದ ಕಡ್ಡಿ ತಂದರು. ಸರಕಾರದ ಮುದ್ರೆ ಒತ್ತಿದ, ಕರಾರುವಾಕ್ಕಾದ ಮೀಟರಿನ ಕಡ್ಡಿ. ಮನೆಯವರು ಮಾತ್ರ ಅದನ್ನು ಹಳೆಯ ರೂಢಿಯಂತೆ ಗಜ ಎಂದೇ ಕರೆಯುತ್ತಿದ್ದರು. ಎರಡು ದಿನ ಬಿಸಿಲಿನಲ್ಲಿ ಮೊಣಕಾಲೂರಿ, ನೇರ ಗೆರೆಯನ್ನೂ ತಿರುವಿನ ಹಗ್ಗವನ್ನೂ ಆ ಕಡ್ಡಿಯಿಂದಲೇ ಅಳೆದು, ಗುರುತಿಗೆ ಇಟ್ಟಿಗೆ ಹೂತು ಮುಗಿಸಿದರು. ಅವತ್ತಿನಿಂದ ಶಾಲೆಯಲ್ಲಿ ಅಮೀನಸಾಬರ ಅಳತೆ ಎಂದರೆ ಎರಡನೆಯ ಮಾತಿಲ್ಲ. ಗೋಡೆ ಕಟ್ಟುವ ಗವಂಡಿಗೂ ಕಬಡ್ಡಿ ಅಂಗಳ ಹಾಕುವ ಮಾಸ್ತರರಿಗೂ ಅವರೇ ಬೇಕಾದರು.

ಸೌಮ್ಯಾ ಮೂರು ಕಾಲಿನ ಯಂತ್ರ ನಿಲ್ಲಿಸಿ ಮೈದಾನದ ನಾಲ್ಕೂ ಮೂಲೆ ನೋಡಿದಳು. ಅಮೀನಸಾಬರು ಅವಳ ಹಿಂದೆ ಮುಂದೆ ಓಡಾಡಿ ಪೈಪಿನ ಜಾಗ ತೋರಿಸಿದರು, ನೀರು ನಿಲ್ಲುವ ತಗ್ಗು ತೋರಿಸಿದರು, ಒಂದೊಂದೇ ಇಟ್ಟಿಗೆಯ ತಲೆಯನ್ನು ಕಾಲಿನಿಂದ ಕೆದರಿ ತೋರಿಸಿದರು. ಅವಳು ಅವರನ್ನು ಕಾಕಾ ಎಂದು ಕರೆದದ್ದಕ್ಕೆ ಅವರಿಗೆ ಇನ್ನಷ್ಟು ಹುರುಪು. ಎಲ್ಲ ಮುಗಿದ ಮೇಲೆ ಅವಳು ಕೋಲಿಗೆ ಗಾಲಿ ಸಿಕ್ಕಿಸಿದ ಇನ್ನೊಂದು ಅಳತೆಯ ಸಾಧನ ತೆಗೆದಳು. ಗಾಲಿ ಉರುಳಿದಷ್ಟು ದೂರ ಅದರಲ್ಲಿ ಅಂಕಿ ಮೂಡುತ್ತದೆ. ಹಳೆಯ ಟ್ರ್ಯಾಕು ಹೇಗೂ ಅಗೆದು ಹೋಗುವಂಥದ್ದು, ಆದರೂ ವರದಿಯಲ್ಲಿ ಬರೆಯಲು ಇರಲಿ ಎಂದು ಸುಣ್ಣದ ಗೆರೆಯ ಮೇಲೆ ಒಂದು ಸುತ್ತು ಉರುಳಿಸಿ ಬಂದಳು. ಇನ್ನೂರ ಐದು ಮೀಟರು ತೋರಿಸಿತು.

ದುರ್ಗೇಶ ನಕ್ಕುಬಿಟ್ಟ. ಗಾಲಿ ರಿಪೇರಿಗೆ ಕಳಿಸಿರಿ ಮೇಡಂ, ಗಾಲಿ ತಪ್ಪಬಹುದು, ಅಮೀನಸಾಬ ಕಾಕಾನ ಅಳತೆ ತಪ್ಪುವುದಿಲ್ಲ ಎಂದ. ಸೌಮ್ಯಾಳಿಗೆ ಛಲ ಬಂದು ಉದ್ದನೆಯ ಉಕ್ಕಿನ ಟೇಪು ಹಿಡಿಸಿ ಮತ್ತೆ ಅಳೆದಳು. ಇನ್ನೂರ ಐದು, ಮೇಲೆ ನಾಲ್ಕು ಬೆರಳು. ಮುದುಕರ ಮನಸ್ಸು ನೋಯಿಸಬಾರದೆಂದೋ ಏನೋ, ಹೋಗಲಿ ಬಿಡಿರಿ, ಸುಮಾರು ಇನ್ನೂರು ಎಂದು ಬರೆಯುತ್ತೇನೆ ಅಂದಳು. ದುರ್ಗೇಶ ಚಹಾ ಹೇಳಲು ಹೋದ.

ಅಮೀನಸಾಬರು ಮಾತ್ರ ಅಲ್ಲೇ ನಿಂತು ತಮ್ಮ ಬಲಗೈಯ ಹೆಬ್ಬೆರಳನ್ನು ನೋಡುತ್ತಿದ್ದರು. ಎಲ್ಲಿ ತಪ್ಪಿತು ಎಂಬುದು ಅವರಿಗೆ ಅಂಕಿ ಕೇಳಿದ ಕ್ಷಣದಲ್ಲೇ ತಿಳಿದುಹೋಗಿತ್ತು.

ಅವರ ಮನೆತನ ಹತ್ತಿರದ ಸುಳ್ಳ ಎಂಬ ಹಳ್ಳಿಯದು. ತಂದೆ ಬಟ್ಟೆಯ ಗಂಟು ಹೊತ್ತು ಸುತ್ತಲಿನ ಸಂತೆಗಳಿಗೆ ಹೋಗುತ್ತಿದ್ದವರು, ಮಗನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಬಟ್ಟೆ ಅಳೆಯುವಾಗ ಗಜದ ತುದಿಗೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಮುಂದಿನ ಗಜವನ್ನು ಆ ಬೆರಳಿನ ಈಚೆಯ ಅಂಚಿನಿಂದ ಸುರು ಮಾಡಿದರೆ ಲೆಕ್ಕ ಸರಿಗೆ ಸರಿ. ಆಚೆಯ ಅಂಚಿನಿಂದ ಸುರು ಮಾಡಿದರೆ ಬೆರಳಗಲ ಬಟ್ಟೆ ಗಿರಾಕಿಗೆ ಹೆಚ್ಚು ಹೋಗುತ್ತದೆ. ಅದು ಕೊಸರು. ಕೊಡುವ ಕೈ ಯಾವಾಗಲೂ ಆಚೆಯಿಂದಲೇ ಸುರು ಮಾಡಬೇಕೆಂದು ತಂದೆ ಕಲಿಸಿದ್ದರು. ಕಡಿಮೆ ಅಳೆದವನ ಕೈ ನಾಳೆ ದೇವರ ಮುಂದೆ ತಾನೇ ಸಾಕ್ಷಿ ಹೇಳುತ್ತದೆ ಎಂದು ಅವರು ಅಂದದ್ದನ್ನು ಎಂಟು ವರ್ಷದ ಹುಡುಗ ಹೆದರಿಕೊಂಡು ಕೇಳಿದ್ದ. ಆ ಕೈ ಮುಂದೆ ಅಕ್ಕಿ ಅಳೆಯಲಿ, ಸುಣ್ಣ ಅಳೆಯಲಿ, ಒಂದು ಬೆರಳು ಹೆಚ್ಚೇ. ನೆಲ ಅಳೆಯುವಾಗಲೂ ಅದೇ ಆಗಿತ್ತು. ಇನ್ನೂರು ಸಲ ಕಡ್ಡಿ ಇಟ್ಟಲ್ಲಿ ಇನ್ನೂರು ಹೆಬ್ಬೆರಳು. ಇಂಚಿಗೆ ಇಂಚು ಸೇರಿ ಐದು ಮೀಟರು.

ಬಟ್ಟೆಯಾಗಿದ್ದರೆ ಒಂದೆರಡು ಅಂಗಿಯಷ್ಟು ಹೆಚ್ಚಾಗುತ್ತಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಇದು ಮಕ್ಕಳು ಓಡುವ ನೆಲ. ಆ ಶಾಲೆಯ ಮಕ್ಕಳು ಹೊರಗಿನ ಮೈದಾನಗಳಲ್ಲಿ ಚುರುಕಾಗಿ ಓಡಿ ತಮ್ಮ ಮೈದಾನದಲ್ಲಿ ಮಂದವಾಗುತ್ತಾರೆ ಎಂದು ಶ್ರೀರಂಗ ಮಾಸ್ತರರು ಇರುವಷ್ಟು ದಿನವೂ ಬೈದರು. ಜಗತ್ತಿನಲ್ಲಿ ಎಲ್ಲರೂ ಮನೆಯಲ್ಲಿ ಹುಲಿ ಬೀದಿಯಲ್ಲಿ ಇಲಿ, ನೀವು ಮಾತ್ರ ತಲೆಕೆಳಗು ಎಂದು ಸಾಲಾಗಿ ನಿಲ್ಲಿಸಿ ಹಂಗಿಸುತ್ತಿದ್ದರು. ಪಾಪ, ಮಕ್ಕಳು ತಲೆ ತಗ್ಗಿಸಿ ಕೇಳುತ್ತಿದ್ದವು. ಅಮೀನಸಾಬರೂ ಪಕ್ಕದಲ್ಲಿ ನಿಂತು ಕೇಳಿದ್ದರು.

ಚಹಾ ಬಂತು. ಅವರು ಕುಡಿಯಲಿಲ್ಲ. ಅವರಿಗೆ ನೆನಪಾಗುತ್ತಿದ್ದದ್ದು ಒಂದೇ ಮಗು, ಅವರ ಸ್ವಂತದ್ದು.

ಫಿಜಾ ಅವರ ಒಬ್ಬಳೇ ಮಗಳು. ಅದೇ ಶಾಲೆಯಲ್ಲಿ ಓದಿದವಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳು ಓಡುತ್ತಿದ್ದರೆ ಪಾಠ ಮಾಡುವ ಮಾಸ್ತರರೂ ಕಿಡಕಿಗೆ ಬಂದು ನಿಲ್ಲುತ್ತಿದ್ದರು. ಸುಳ್ಳದಿಂದ ಬಂದ ನೆಂಟರು ಹೆಣ್ಣುಮಗಳಿಗೆ ಓಟ ಯಾಕೆ ಎಂದಾಗ, ರೆಹಮತ್‌ಬಿ ಉತ್ತರ ಕೊಡದೆ ಅವರ ಎದುರಿಗೇ ಕೂತು ಮಗಳಿಗೆ ಓಟದ ಪಾಯಿಜಾಮ ಹೊಲಿದಿದ್ದಳು. ಆ ವರ್ಷ ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸಲು ಅಧಿಕಾರಿಯೊಬ್ಬರು ಗಡಿಯಾರ ಹಿಡಿದು ಶಾಲೆಗೇ ಬಂದರು. ನಾಲ್ಕು ನೂರು ಮೀಟರು, ಎಂದರೆ ಎರಡು ಸುತ್ತು. ಅರವತ್ತೆಂಟು ಸೆಕೆಂಡಿನೊಳಗೆ ಮುಗಿಸಿದರೆ ಹಾಸ್ಟೆಲು, ಊಟ, ತರಬೇತಿ, ಎಲ್ಲ ಸಿಗುತ್ತಿತ್ತು. ಅಮೀನಸಾಬರು ಕೊನೆಯ ಗೆರೆಯ ಆಚೆ ನಿಂತಿದ್ದರು. ಮಗಳು ಕೊನೆಯ ನೇರದಲ್ಲಿ ಬಾಣದ ಹಾಗೆ ಬಂದಳು. ಇನ್ನೇನು ಹತ್ತು ಮೀಟರು ಉಳಿದಿರುವಾಗ ಹೆಜ್ಜೆ ಭಾರವಾಯಿತು, ತಲೆ ಹಿಂದಕ್ಕೆ ಹೋಯಿತು, ಕೈ ಸಡಿಲಾಯಿತು. ಗೆರೆ ಮುಟ್ಟಿ ಅಪ್ಪನ ಕಾಲ ಬಳಿ ಬಿದ್ದಳು. ಅರವತ್ತೊಂಬತ್ತು ಪಾಯಿಂಟ್ ಎರಡು ಎಂದರು. ಹುಡುಗಿ ಛಲೋ ಇದ್ದಾಳೆ, ಆದರೆ ಕಡೆಯ ಹತ್ತು ಮೀಟರಿಗೆ ಸೋಲುತ್ತಾಳೆ, ಉಸಿರು ಸಾಲದು ಎಂದು ಅಧಿಕಾರಿ ಬರೆದುಕೊಂಡರು.

ಅವತ್ತು ಸಂಜೆ ಫಿಜಾ ಊಟ ಬಿಟ್ಟು ಕೂತಿದ್ದಳು. ಅಮೀನಸಾಬರಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ನಿನ್ನ ಕಾಲಲ್ಲಿ ಇರುವುದೇ ಅಷ್ಟು ಮಗಳೇ, ದೇವರು ಕೊಟ್ಟದ್ದಕ್ಕೆ ಯಾಕೆ ಅಳುತ್ತೀ ಎಂದು ತಲೆ ಸವರಿದರು. ಅವಳು ಮರುದಿನದಿಂದ ಮೈದಾನಕ್ಕೆ ಹೋಗಲಿಲ್ಲ. ಅಳುವುದನ್ನೂ ಬಿಟ್ಟಳು. ಅಪ್ಪನ ಮಾತು ಕೆಲಸ ಮಾಡಿತು ಎಂದು ರೆಹಮತ್‌ಬಿ ಹೊಗಳಿದ್ದೂ ಆಯಿತು.

ಇಪ್ಪತ್ತು ವರ್ಷದ ಮೇಲೆ ಈಗ ಅಮೀನಸಾಬರಿಗೆ ಊಟ ಸೇರದಾಯಿತು. ಎರಡು ದಿನ ನೋಡಿ ರೆಹಮತ್‌ಬಿ ಬಾಯಿ ಬಿಡಿಸಿದಳು. ಎಲ್ಲ ಕೇಳಿ, ಮಗಳಿಗೆ ಹೇಳಬೇಡಿರಿ ಎಂದಳು. ಅವಳ ವಾದ ತೆಗೆದುಹಾಕುವಂಥದ್ದಾಗಿರಲಿಲ್ಲ. ಫಿಜಾ ಸುಖವಾಗಿದ್ದಾಳೆ. ಗಂಡ ಶಾಹಿದ ಗ್ಯಾರೇಜು ನಡೆಸುವ ಮೆತ್ತಗಿನ ಮನುಷ್ಯ. ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ಅರ್ಧ ದೇಶಪಾಂಡೆ ನಗರದ ಹೆಂಗಸರ ಕುಪ್ಪಸ ಅವಳ ಕೈಯದೇ. ನೀನು ಸೋತಿರಲಿಲ್ಲ ಎಂದು ಈಗ ಹೇಳಿದರೆ ಆ ಹಾಸ್ಟೆಲು ವಾಪಸು ಬರುತ್ತದೆಯೇ? ಟ್ರ್ಯಾಕು ಹೇಗೂ ಮುಂದಿನ ತಿಂಗಳು ಅಗೆದು ಹೋಗುತ್ತದೆ, ಅದರ ಜೊತೆ ಇದೂ ಹೋಗಲಿ. ಅಮೀನಸಾಬರಿಗೂ ಅದು ಸರಿ ಎನಿಸಿತು. ಮಗಳ ಕಣ್ಣಲ್ಲಿ ತಮ್ಮ ಅಳತೆ ತಪ್ಪದೆ ಉಳಿಯಲಿ ಎಂಬ ಆಸೆಯೂ ಅದರಲ್ಲಿ ಇತ್ತೆಂದು ನಾನು ಹೇಳಿದರೆ ಅವರು ಅಲ್ಲವೆನ್ನಲಾರರು.

ಆದರೆ ಗುರುವಾರ ಸಂಜೆ ಮೊಮ್ಮಗಳು ಶಾಜಿಯಾ ಅಜ್ಜಿಯ ಮನೆಗೆ ಬಂದಳು. ಅದೇ ಶಾಲೆಯಲ್ಲಿ ಓದುವ ಹನ್ನೊಂದು ವರ್ಷದ ಹುಡುಗಿ, ಉದ್ದ ಕಾಲು, ಬಾಗಿಲಿನಿಂದ ಅಡುಗೆಮನೆಗೆ ಬರಲೂ ಓಡಿಯೇ ಬರುವವಳು. ಹೊಸ ಟ್ರ್ಯಾಕಿಗೆ ಓಟಗಾರರ ಹೆಸರು ಬರೆದುಕೊಳ್ಳುತ್ತಿದ್ದಾರಲ್ಲ, ನೀನೂ ಕೊಟ್ಟೆಯೇನು ಎಂದು ಅಮೀನಸಾಬರು ಕೇಳಿದರು. ಇಲ್ಲ ಎಂದಳು. ಯಾಕೆ ಎಂದರೆ, ಮನೆಯಲ್ಲಿ ಅಮ್ಮ ಹೇಳಿದ್ದನ್ನು ಬೇಸರವಿಲ್ಲದೆ, ಶಾಲೆಯ ಪಾಠ ಒಪ್ಪಿಸುವ ಹಾಗೆ ಹೇಳಿದಳು.

"ನಮ್ಮ ಮನಿತನದವರ ಕಾಲಾಗ ಅಷ್ಟ ಐತಂತ ಅಜ್ಜಾ. ಕಡೀಕ ಉಸುರು ಸಾಲೂದಿಲ್ಲಂತ."

ಅಮೀನಸಾಬರು ರೆಹಮತ್‌ಬಿಯನ್ನು ನೋಡಿದರು. ರೆಹಮತ್‌ಬಿ ಈ ಸಲ ಬೇಡ ಅನ್ನಲಿಲ್ಲ.

ಮರುದಿನ ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿಸಿ ಅವರು ನೇರವಾಗಿ ಮಗಳ ಮನೆಗೆ ಹೋದರು. ಫಿಜಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಪ್ಪ ಬಂದದ್ದು ನೋಡಿ ಎದ್ದು ನೀರು ಕೊಟ್ಟು, ಊಟ ಮಾಡಿರಿ ಎಂದಳು. ಅವರು ಕೂರದೆ, ನೀರನ್ನೂ ಕುಡಿಯದೆ, ಗಾಲಿಯ ಅಂಕಿಯಿಂದ ಹಿಡಿದು ಹೆಬ್ಬೆರಳಿನವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ನಡುವೆ ನಿಲ್ಲಿಸಿದರೆ ಮುಂದೆ ಹೇಳಲಾಗದು ಎಂದು ಅವರಿಗೆ ಗೊತ್ತಿತ್ತು.

ಫಿಜಾ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೇಳಿದಳು. ಅವರು ಮುಗಿಸಿದ ಮೇಲೆ, ಎರಡು ಸುತ್ತಿಗೆ ಎಷ್ಟು ಹೆಚ್ಚಾಗುತ್ತದೆ ಎಂದಷ್ಟೇ ವಿಚಾರಿಸಿದಳು. ಹತ್ತು ಮೀಟರು ಎಂದರು. ಅವಳು ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ತೆಗೆದುಕೊಂಡು ಮೇಜಿನ ಮೇಲೆಯೇ ಬರೆಯತೊಡಗಿದಳು. ಅರವತ್ತೊಂಬತ್ತು ಪಾಯಿಂಟ್ ಎರಡು ಎಂದು ಮೊದಲು ಬರೆದಳು. ಓಟದ ಮಾತು ತೆಗೆದಾಗಲೆಲ್ಲ, ಅದೆಲ್ಲ ನನಗೆ ನೆನಪೇ ಇಲ್ಲ ಎಂದು ನಗುತ್ತಿದ್ದ ಮಗಳು ಇವಳು. ಗುಣಿಸಿದಳು, ಭಾಗಿಸಿದಳು, ಒಮ್ಮೆ ಅಳಿಸಿ ಮತ್ತೆ ಮಾಡಿದಳು. ಅರವತ್ತೇಳೂವರೆ ಬಂತು. ಬೇಕಾದದ್ದು ಅರವತ್ತೆಂಟು.

ಅವಳು ಬಿಲ್ಲೆಯಿಂದ ಆ ಅಂಕಿಯ ಕೆಳಗೊಂದು ಗೆರೆ ಎಳೆದಳು. ಆಮೇಲೆ ತಲೆ ಎತ್ತಿ, "ಅವತ್ತ ಸಂಜೀಕ ನನಗ ಏನಂದಿದ್ರಿ, ನೆನಪೈತೇನ ಅಪ್ಪಾ?" ಎಂದಳು.

"ನೆನಪೈತಿ. ನೆಲಾ ಹೆಚ್ಚು ಅಳದೆ ಮಗಳ, ನಿನ್ನ ಕಡಿಮಿ ಅಳದೆ. ಕಡಿಮಿ ಅಳದವರ ಕೈ ಸಾಕ್ಷಿ ಹೇಳತೈತಿ ಅಂತ ಅಂಜಿ ಅಂಜಿ ಬಾಳೇವು ಮಾಡಿದಾಂವ ನಾ. ಕಡೀಕ ಕಡಿಮಿ ಅಳದದ್ದು ನಿನ್ನ."

ಅವಳ ಕಣ್ಣು ತುಂಬಿದವು, ಆದರೆ ಮುಖ ಬಿಗಿದೇ ಇತ್ತು. ಖರೇ ನಾಲ್ಕು ನೂರು ಮೀಟರು ಆ ನೆಲದಲ್ಲಿ ಎಲ್ಲಿಗೆ ಮುಗಿಯುತ್ತಿತ್ತು ಎಂದು ಕೇಳಿದಳು. ಅಮೀನಸಾಬರಿಗೆ ಅಂದಾಜು ಗೊತ್ತಿತ್ತು, ಆದರೆ ಇನ್ನು ಮೇಲೆ ಅಂದಾಜು ಹೇಳುವ ಧೈರ್ಯ ಉಳಿದಿರಲಿಲ್ಲ. ಗೊತ್ತಿಲ್ಲ ಎಂದರು.

"ಹಂಗಾರ ಈಗ ಹೋಗ್ರಿ ಅಪ್ಪಾ. ನನಗ ಭಾಳ ಸಿಟ್ಟು ಬಂದೈತಿ. ನೀವು ಇಲ್ಲೆ ಇದ್ರ ಏನರ ಅಂದಬಿಡ್ತೇನಿ, ಆಮ್ಯಾಲ ನನಗ ಕೆಟ್ಟನಸತೈತಿ."

ಅವರು ಹೊರಗೆ ಬಂದರು. ಹಿಂದೆ ಯಂತ್ರ ಮತ್ತೆ ಸುರುವಾದದ್ದು ಓಣಿಯ ತುದಿಯವರೆಗೂ ಕೇಳಿಸಿತು.

ಶನಿವಾರ, ರವಿವಾರ ಫಿಜಾ ಬರಲಿಲ್ಲ, ಫೋನೂ ಮಾಡಲಿಲ್ಲ. ರವಿವಾರ ತಪ್ಪದೆ ಬರುತ್ತಿದ್ದ ಶಾಜಿಯಾಳನ್ನೂ ಕಳಿಸಲಿಲ್ಲ. ಸೋಮವಾರ ಶಾಲೆಯಲ್ಲಿ ಮಂಡಳಿಯ ಸಭೆ ಇತ್ತು. ಸೌಮ್ಯಾ ಅಂದು ನಕ್ಷೆ ತೋರಿಸುವವಳಿದ್ದಳು. ಮಗಳು ಕೇಳಿದ ಜಾಗವನ್ನು ಕೂದಲೆಳೆಯಷ್ಟೂ ತಪ್ಪದೆ ತೋರಿಸಬಲ್ಲವಳು ಆಕೆಯೊಬ್ಬಳೇ. ಕೇಳಿಕೊಳ್ಳಬೇಕಾದರೆ ಯಾಕೆ ಎಂದು ಹೇಳಬೇಕು. ಹೇಳುವುದಾದರೆ ಒಬ್ಬಳ ಕಿವಿಯಲ್ಲಿ ಕಳ್ಳನ ಹಾಗೆ ಯಾಕೆ ಹೇಳಲಿ ಎಂದು ಅಮೀನಸಾಬರು ಕರೆಯದಿದ್ದರೂ ಸಭೆಗೆ ಹೋದರು.

ಗೋಡೆಯ ಮೇಲೆ ನಕ್ಷೆ ತೂಗುತ್ತಿತ್ತು. ಕೆಂಪು ಬಣ್ಣದ ನಾಲ್ಕು ಓಟದ ಓಣಿ, ಸುತ್ತಲೂ ನೀರು ಹರಿದುಹೋಗಲು ಕಾಲುವೆ, ನಡುವೆ ಹಸಿರು. ಮೊದಲು ಮಣ್ಣು ತೆಗೆಯುವುದು, ಆಮೇಲೆ ಗರಸು ಹಾಕಿ ರೋಲರು ಹೊಡೆಯುವುದು, ಒಂದು ಮಳೆಗಾಲ ಕಳೆದು ನೆಲ ಕೂತ ಮೇಲೆಯೇ ರಬ್ಬರು ಹಾಸುವುದು ಎಂದು ಸೌಮ್ಯಾ ಹೇಳುತ್ತಿದ್ದಳು. ನೀಲಕಂಠಪ್ಪನವರಿಗೆ ಬರುವ ಜುಲೈಗೇ ಉದ್ಘಾಟನೆ ಆಗಬೇಕಿತ್ತು. ನೆಲಕ್ಕೆ ನಿಮ್ಮ ಅವಸರ ತಿಳಿಯುವುದಿಲ್ಲ ಎಂದು ಅವಳು ನಯವಾಗಿ ಹೇಳಿ ಅವರನ್ನು ಸುಮ್ಮನಾಗಿಸಿದಳು. ಮಾತಿನ ನಡುವೆ ಒಂದು ತೆರಪು ಸಿಕ್ಕಾಗ ಬಾಗಿಲ ಬಳಿ ಕೂತಿದ್ದ ಅಮೀನಸಾಬರು ಎದ್ದು ನಿಂತರು. ತಮ್ಮ ಟ್ರ್ಯಾಕು ಇನ್ನೂರು ಅಲ್ಲ, ಇನ್ನೂರ ಐದು, ಮೇಡಂ ಅವರ ಗಾಲಿ ಸರಿ ಇದೆ, ತಪ್ಪಿದ್ದು ನನ್ನ ಬೆರಳು ಎಂದರು. ಹೇಗೆ ಎಂಬುದನ್ನು ಮೇಜಿನ ಮೇಲಿದ್ದ ಮರದ ಪಟ್ಟಿ ತೆಗೆದುಕೊಂಡು ತೋರಿಸಿದರು. ಹಾಸ್ಟೆಲಿನ ಆಯ್ಕೆಯ ದಿನದ ಕಥೆಯನ್ನೂ ಮುಚ್ಚಿಡಲಿಲ್ಲ.

ಸಭೆ ಒಂದು ಗಳಿಗೆ ತಬ್ಬಿಬ್ಬಾಯಿತು. ಅಲ್ಲಿದ್ದ ಅರ್ಧ ಜನ ಆ ಶಾಲೆಯಲ್ಲೇ ಓದಿ ಆ ನೆಲದಲ್ಲೇ ಓಡಿದವರು. ಒಬ್ಬೊಬ್ಬರೂ ಕಣ್ಣು ಮೇಲೆ ಮಾಡಿ, ತಾವು ಯಾವ ವರ್ಷ ಎಷ್ಟರಲ್ಲಿ ಸೋತೆವು ಎಂದು ಬೆರಳು ಎಣಿಸತೊಡಗಿದರು. ದುರ್ಗೇಶನ ತುಟಿಗಳೂ ಅಲುಗುತ್ತಿದ್ದವು. ಐವತ್ತು ದಾಟಿದ ಒಬ್ಬ ವಕೀಲರು, ಹಾಗಾದರೆ ಎಂಟು ನೂರು ಮೀಟರಿನಲ್ಲಿ ನಾನು ಎಂದು ಸುರು ಮಾಡಿ, ಹೊಟ್ಟೆ ನೋಡಿಕೊಂಡು ನಿಲ್ಲಿಸಿದರು. ನೀಲಕಂಠಪ್ಪನವರು ಮಾತ್ರ ನಕ್ಕರು.

"ನಲವತ್ತು ವರ್ಷ ವ್ಯಾಪಾರ ಮಾಡೇನಿ ಅಮೀನಸಾಬ್ರ. ಹೆಚ್ಚು ಕೊಟ್ಟಿದ್ದಕ್ಕ ಮಾಫಿ ಕೇಳಿದವರನ್ನ ಇವತ್ತ ನೋಡಾಕತ್ತೇನಿ."

"ಕೊಟ್ಟಿಲ್ರಿ ಸಾಹುಕಾರ್ರ," ಎಂದರು ಅಮೀನಸಾಬರು. "ಬಟ್ಟಿ ಆಗಿದ್ರ ಕೊಟ್ಟಂಗ ಆಗತಿತ್ತು. ಇದು ಓಡೂ ನೆಲಾ. ಒಂದೊಂದು ಕೂಸಿನ ಕಡಿಂದ ಬೆರಳ ಬೆರಳ ಹೆಚ್ಚಿಗಿ ತಗೊಂಡೇನ್ರಿ ನಾ."

ನೀಲಕಂಠಪ್ಪನವರ ನಗು ಅಲ್ಲಿಗೆ ನಿಂತಿತು. ಸೌಮ್ಯಾ ತನ್ನ ವರದಿ ತೆಗೆದು, ಸುಮಾರು ಇನ್ನೂರು ಎಂದಿದ್ದಲ್ಲಿ ಇನ್ನೂರ ಐದು ಎಂದು ತಿದ್ದಿದಳು. ಕಾಕಾ, ನಿಮಗೆ ನನ್ನಿಂದ ಏನಾಗಬೇಕು ಎಂದು ಅವಳ ಕಡೆಯಿಂದಲೇ ಪ್ರಶ್ನೆ ಬಂತು.

ಸಭೆ ಮುಗಿದ ಮೇಲೆ ಅವಳು ಮೈದಾನಕ್ಕೆ ಬಂದು ಉಕ್ಕಿನ ಟೇಪು ಬಿಚ್ಚಿದಳು. ಎರಡು ಸಲ ನೋಡಿ, ಕೊನೆಯ ನೇರದಲ್ಲಿ, ಸುಣ್ಣದ ಮುಕ್ತಾಯದ ಗೆರೆಗಿಂತ ಹತ್ತು ಮೀಟರು ಮೊದಲು ಒಂದು ಗೂಟ ಹೊಡೆದಳು. ನಾಲ್ಕು ನೂರು ಮೀಟರು ಇಲ್ಲಿಗೆ ಮುಗಿಯುತ್ತಿತ್ತು ಕಾಕಾ ಎಂದು ಹೇಳಿ, ಯಂತ್ರಗಳನ್ನು ಕಾರಿಗೆ ಹಾಕಿಕೊಂಡು ಹೋದಳು.

ಅಮೀನಸಾಬರು ಗೂಟದ ಬಳಿಯೇ ನಿಂತರು. ಮಗಳ ಮನೆಗೆ ಹೋಗಿ ಕರೆಯಬೇಕು, ಆದರೆ ಶುಕ್ರವಾರ ಅವಳು ಹೋಗಿರಿ ಅಂದದ್ದು ಇನ್ನೂ ಕಿವಿಯಲ್ಲಿತ್ತು. ದುರ್ಗೇಶ ರೆಹಮತ್‌ಬಿಗೆ ಫೋನು ಮಾಡಿದ. ರೆಹಮತ್‌ಬಿ ಫಿಜಾಳಿಗೆ ಮಾಡಿದಳು. ನಿಮ್ಮಪ್ಪ ಮೈದಾನದಲ್ಲಿ ನಿಂತಿದ್ದಾರೆ, ನೀನು ಬರುವತನಕ ಮನೆಗೆ ಬರುವುದಿಲ್ಲವಂತೆ ಎಂದಳು. ಅವರು ಹಾಗೆ ಅಂದೇ ಇರಲಿಲ್ಲ. ಸಂಸಾರ ನಡೆಸಲು ಇಂಥ ಸುಳ್ಳು ಬೇಕಾಗುತ್ತದೆ, ರೆಹಮತ್‌ಬಿ ಅದರಲ್ಲಿ ನುರಿತವಳು.

ಅರ್ಧ ತಾಸಿಗೆ ಫಿಜಾ ಬಂದಳು. ಹೊಲಿಗೆಯಿಂದ ಎದ್ದು ಹಾಗೇ ಬಂದಿದ್ದಳು, ದುಪಟ್ಟಾದ ಮೇಲೆ ನೂಲಿನ ಎಳೆಗಳು ಅಂಟಿದ್ದವು. ಶಾಜಿಯಾಳನ್ನು ಬಿಡಲು ಆ ಗೇಟಿನ ಒಳಗೆ ಬಂದದ್ದುಂಟು, ಆದರೆ ಇಪ್ಪತ್ತು ವರ್ಷದಿಂದ ಮೈದಾನಕ್ಕೆ ಕಾಲಿಟ್ಟಿರಲಿಲ್ಲ. ಒಣಗತೊಡಗಿದ ಎರೆಮಣ್ಣಿನ ಮೇಲೆ ಎಚ್ಚರದಿಂದ ನಡೆದು, ಅಪ್ಪನ ಎದುರಿಗೆ ಬಂದು, ಕೆಳಗೆ ನೋಡಿದಳು. ಗೂಟ ಏನೆಂದು ಯಾರೂ ಹೇಳಬೇಕಾಗಲಿಲ್ಲ.

ಅವಳು ಚಪ್ಪಲಿ ಬಿಟ್ಟಳು. ಗೂಟದ ಪಕ್ಕದಲ್ಲಿ ಗೆರೆಯ ಮೇಲೆ ಬರಿಗಾಲಲ್ಲಿ ನಿಂತು ಹಿಂದೆ ನೋಡಿದಳು, ಓಡಿಬಂದ ತಿರುವಿನ ಕಡೆಗೆ. ಆಮೇಲೆ ಮುಂದೆ ನೋಡಿದಳು. ಮುಕ್ತಾಯದ ಗೆರೆ ಹತ್ತು ಮೀಟರು ಆಚೆಗಿತ್ತು. ಶುಕ್ರವಾರದಿಂದ ಬಿಗಿದಿದ್ದ ಮುಖ ಒಮ್ಮೆಲೇ ಸಡಿಲಾಗಿ, ಹದಿನಾಲ್ಕು ವರ್ಷದವಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅಮೀನಸಾಬರು ಈ ಸಲ ಸಮಾಧಾನ ಹೇಳಲಿಲ್ಲ. ಅಳುವಷ್ಟು ಅಳಲಿ ಎಂದು ಪಕ್ಕದಲ್ಲಿ ನಿಂತು ತಾವೂ ಕಣ್ಣೊರೆಸಿಕೊಂಡರು.

"ನಾ ಸೋತಿದ್ದು ಇಲ್ಲಿಂದ ಮುಂದ," ಎಂದಳು ಅವಳು ಕೊನೆಗೆ. "ಇಲ್ಲೀತನಕಾ ಸೋತಿರಲಿಲ್ಲ ಅಪ್ಪಾ."

"ಸೋತಿರಲಿಲ್ಲ. ನಾ ಎದುರಿಗೇ ನಿಂತಿದ್ನೆಲ್ಲ, ಈ ಕಣ್ಣಲೆ ನೋಡೇನಿ. ಇಲ್ಲೀತನಕಾ ನೀ ಬಾಣಧಂಗ ಬಂದಿ."

ಅವಳು ಮೂಗು ಒರೆಸಿಕೊಂಡಳು. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಸ್ವಲ್ಪ ದಿನ ಇರುತ್ತದೆ, ನೀವು ಅಂಜಬೇಡಿರಿ ಎಂದು ಅಪ್ಪನಿಗೇ ಧೈರ್ಯ ಹೇಳಿದಳು. ಶಾಜಿಯಾಳ ಹೆಸರನ್ನು ನಾಳೆಯೇ ದುರ್ಗೇಶ ಸರ್‌ಗೆ ಕೊಡುತ್ತೇನೆ ಎಂದಳು. ಆಮೇಲೆ ಮುಂದಿನ ಗೆರೆಯ ಕಡೆಗೆ ಕಣ್ಣು ಹಾಯಿಸಿ, ಅಪ್ಪನ ಬಲಗೈಯನ್ನು ಹಿಡಿದುಕೊಂಡಳು. ಉಳಿದ ಹತ್ತು ಮೀಟರನ್ನು ಅಪ್ಪ ಮಗಳು ಇಬ್ಬರೂ ಯಾವ ಅವಸರವೂ ಇಲ್ಲದೆ ನಡೆದು ಮುಗಿಸಿದರು.